ಈ ವಾರದ ಓದು: ಕಲಿಕೆಯನ್ನು ಅಳೆದದ್ದು ಯಾವಾಗ?

ಸದಸ್ಯರ ಗಮನಕ್ಕೆ,

ಈ ವಾರ ಮಕ್ಕಳ ಚಲನಾ ಕೌಶಲ, ಅಂಗರಚನಾಶಾಸ್ತ್ರದ ಬೋಧನೆ ಎರಡನ್ನೂ ಒಟ್ಟಿಗೆ ಚರ್ಚಿಸೋಣ. ಇವೆರಡಕ್ಕೂ ಏನು ನಂಟು ಎಂದು ಹುಬ್ಬೇರಿಸಬೇಡಿ. ತರಬೇತಿ ಮುಗಿದ ಕೂಡಲೇ ಬಂದ ಅಂಕವನ್ನು ಕಲಿಕೆ ಎನ್ನಬಹುದೇ ಎಂಬುದು ಎರಡೂ ಕಡೆಯ ಪ್ರಶ್ನೆ.

ಕೆರ್ ಮತ್ತು ಬೂತ್ 1978ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಮೊದಲು ಓದಿ. 8 ವರ್ಷದ ಮಕ್ಕಳಲ್ಲಿ ಒಂದು ತಂಡ 3 ಅಡಿ ದೂರದ ಗುರಿಗೇ ಕಾಳಿನ ಚೀಲ ಎಸೆದು ಅಭ್ಯಾಸ ಮಾಡಿತು. ಇನ್ನೊಂದು ತಂಡ 2 ಮತ್ತು 4 ಅಡಿಗೆ ಮಾತ್ರ. ಕೊನೆಯ ಪರೀಕ್ಷೆ 3 ಅಡಿಗೆ. ಆ ದೂರಕ್ಕೆ ಅಭ್ಯಾಸವೇ ಇಲ್ಲದ ಎರಡನೆಯ ತಂಡವೇ ಹೆಚ್ಚು ನಿಖರವಾಗಿ ಎಸೆಯಿತು! ಆದರೆ ನಂತರದ ಅಧ್ಯಯನಗಳಲ್ಲಿ ಇಂಥ ಫಲ ಪ್ರತಿಬಾರಿಯೂ ಸಿಕ್ಕಿಲ್ಲ; ಕಣ್ಣು ಮುಚ್ಚಿ ಒಪ್ಪಬೇಡಿ.

ಅಂಗರಚನಾ ತರಗತಿಯಲ್ಲಿ ಕಲಿತೆವೆಂಬ ಭ್ರಮೆ ಇನ್ನೂ ಸುಲಭ. ಬ್ರೇಕಿಯಲ್ ಪ್ಲೆಕ್ಸಸ್‌ನ (ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಜಾಲ) ಬಣ್ಣದ ಚಿತ್ರವನ್ನು ಮತ್ತೆ ಮತ್ತೆ ನೋಡಿದರೆ ಎಲ್ಲವೂ ಗೊತ್ತೆನಿಸುತ್ತದೆ. ಪುಸ್ತಕ ಮುಚ್ಚಿ, ಐದು ನರಮೂಲಗಳಿಂದ ಆರಂಭಿಸಿ ಬರೆಯಲು ಕುಳಿತರೆ ಅವು ಕೂಡಿ ಕವಲೊಡೆಯುವಲ್ಲಿ ಪೆನ್ಸಿಲ್ ತಡವರಿಸುತ್ತದೆ. ಪಠ್ಯಭಾಗಗಳನ್ನು ಓದಿಸಿ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದೂ ಇಂಥದ್ದೇ: ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರು ಮುಂದಿದ್ದರು, ವಾರದ ನಂತರದ ಪರೀಕ್ಷೆಯಲ್ಲಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು.

ಅಂಗರಚನೆ ಕಲಿಸಲು ಬಳಸುವ ಮೂರು ಆಯಾಮದ ಮಾದರಿ, ತಲೆಗೆ ತೊಡುವ ಪರದೆ ಇತ್ಯಾದಿಗಳ ಬಗ್ಗೆ ಉತ್ಸಾಹದಿಂದ ಲೇಖನ ಹಾಕುವವರು ಬರೀ ಕೊಂಡಿ ಹಾಕಿ ಹೋಗಬೇಡಿ. ಹೋಲಿಕೆಯ ಗುಂಪು ಯಾವುದು, ಪರೀಕ್ಷೆ ಎಷ್ಟು ದಿನದ ನಂತರ ನಡೆಯಿತು ಎಂದು ಒಂದು ಸಾಲು ಬರೆಯಿರಿ. ಚರ್ಚೆ ಭಾನುವಾರ ಸಂಜೆ.