ಅಂಗನವಾಡಿ ಪುಸ್ತಕದಲ್ಲಿ ‘ಹಠಮಾರಿ’ ಬೇಡ, ಕಂಡದ್ದು ಬರೆಯಿರಿ

ಮಾನ್ಯರೆ,

ಅಂಗನವಾಡಿಗಳಲ್ಲಿ ಮಕ್ಕಳ ತೂಕ, ಎತ್ತರ ತಿಂಗಳು ತಿಂಗಳು ಕೇಂದ್ರ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಏರುತ್ತವೆ. ಆದರೆ ಮಗುವಿನ ಆಟ, ಮಾತು, ನಡವಳಿಕೆಯ ಕಾಲಂ ಬಹಳ ಕಡೆ ‘ಚೆನ್ನಾಗಿದೆ’, ‘ಸಾಧಾರಣ’, ‘ಹಠಮಾರಿ’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಇದರಿಂದ ವೈದ್ಯರಿಗೂ ಉಪಯೋಗವಿಲ್ಲ, ಮುಂದೆ ಬರುವ ಟೀಚರಿಗೂ ಇಲ್ಲ.

‘ಜಗಳಗಂಟಿ, ಕಚ್ಚುತ್ತಾಳೆ’ ಎಂದು ಬರೆಯುವ ಬದಲು ಹೀಗೆ ಬರೆಯಬಹುದು: ‘ಬೆಳಿಗ್ಗೆ 11.40, ಅಂಗಳ. ವಯಸ್ಸು 3 ವರ್ಷ 2 ತಿಂಗಳು. ಲೋಟಕ್ಕೆ ಮರಳು ತುಂಬುತ್ತಿದ್ದಳು. ಪಕ್ಕದ ಹುಡುಗ ಲೋಟ ಕಿತ್ತುಕೊಂಡ. ಎರಡು ಸಲ “ಕೊಡೋ” ಅಂದಳು. ಕೊಡದಿದ್ದಾಗ ಭುಜ ಕಚ್ಚಿದಳು. ಸಹಾಯಕಿ ಎತ್ತಿಕೊಂಡ ಮೇಲೆ ಸುಮ್ಮನಾದಳು.’ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು, ಮೂರೂ ಇಲ್ಲಿವೆ. ಇಂಥ ನಾಲ್ಕೈದು ಟಿಪ್ಪಣಿ ಸೇರಿದಾಗ ಕಚ್ಚುವುದು ಊಟಕ್ಕೆ ಮುಂಚಿನ ಹೊತ್ತಿನಲ್ಲೇ ಎಂದು ಗೊತ್ತಾದರೆ, ಬೈಯುವ ಬದಲು ಊಟವನ್ನು ಸ್ವಲ್ಪ ಬೇಗ ಬಡಿಸಿ ನೋಡಬಹುದು. ಟೀಚರಿಗೆ ಅನ್ನಿಸಿದ್ದನ್ನೂ ಬರೆಯಲಿ, ಆದರೆ ಅದು ಬೇರೆ ಕಾಲಂನಲ್ಲಿರಲಿ.

ಕೆಲಸದ ಹೊರೆಯ ಮಾತು ಬಂದೇ ಬರುತ್ತದೆ, ಸುಳ್ಳೂ ಅಲ್ಲ. ಇಪ್ಪತ್ತು ಮಕ್ಕಳಿದ್ದರೆ ದಿನಕ್ಕೆ ಇಬ್ಬರಂತೆ ನೋಡಿದರೂ ಎರಡು ವಾರದೊಳಗೆ ಒಂದು ಸುತ್ತು ಮುಗಿಯುತ್ತದೆ. ಮೂರು ನಿಮಿಷ ನೋಡಿ, ಚೀಟಿಯಲ್ಲಿ ನಾಲ್ಕು ಸಾಲು ಗೀಚಿಕೊಂಡು, ಮಕ್ಕಳು ಮನೆಗೆ ಹೋದ ಮೇಲೆ ಪುಸ್ತಕಕ್ಕೆ ಇಳಿಸಿದರೆ ಸಾಕು. ಶನಿವಾರ ಕೂತು ವಾರದ್ದೆಲ್ಲ ನೆನಪಿನಿಂದ ತುಂಬಿಸಿದರೆ ಅದು ಕಥೆಯಾಗುತ್ತದೆ. ಸರದಿ ಪಟ್ಟಿ ಮಾತ್ರ ಬೇಕೇ ಬೇಕು. ಇಲ್ಲದಿದ್ದರೆ ಗಲಾಟೆ ಮಾಡುವ ಮಗುವಿನ ಪುಟ ತುಂಬಿ, ಮೂಲೆಯಲ್ಲಿ ಕೂರುವ ಮಗುವಿನದು ಖಾಲಿ ಉಳಿಯುತ್ತದೆ. ಜ್ವರವಿದ್ದ ದಿನ, ಮೇಲ್ವಿಚಾರಕಿ ಬಂದ ದಿನ ನೋಡಿದ್ದಾದರೆ ಅದನ್ನೂ ನಮೂದಿಸಬೇಕು. ಮಗುವನ್ನು ಎದುರು ನಿಲ್ಲಿಸಿ ‘ಒಂದು ಎರಡು ಹೇಳು’ ಎಂದು ಕೇಳುವುದು ಪರೀಕ್ಷೆ, ಅವಲೋಕನವಲ್ಲ.

ವಯಸ್ಸನ್ನು ವರ್ಷ, ತಿಂಗಳು ಎರಡರಲ್ಲೂ ಬರೆಯದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಬೆಳವಣಿಗೆಯ ಲೆಕ್ಕ ಹಿಡಿಯಬೇಕಾದ್ದು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಂತೆ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯಲು ತೊಡಗುವುದು ಸುಮಾರು 8ರಿಂದ ಹದಿನೇಳೂವರೆ ತಿಂಗಳೊಳಗೆ. ಆದ್ದರಿಂದ ಹದಿಮೂರು ತಿಂಗಳಿಗೆ ನಡೆಯಲಿಲ್ಲವೆಂದು ಗಾಬರಿ ಬೇಡ, ಹದಿನೆಂಟು ದಾಟಿದರೆ ‘ಅವರಪ್ಪನೂ ಲೇಟು’ ಎಂದು ಸುಮ್ಮನಿರುವುದೂ ಬೇಡ. ಆಡುತ್ತಿದ್ದ ಮಾತು ನಿಂತುಹೋದರಂತೂ ಯಾವ ವಯಸ್ಸಾದರೂ ಕೂಡಲೇ ವೈದ್ಯರಿಗೆ ತೋರಿಸಬೇಕು.

ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳ ವಿಷಯದಲ್ಲಿ ಇನ್ನೊಂದು ತಪ್ಪಾಗುತ್ತದೆ. ಮನೆಯಲ್ಲಿ ತಮಿಳು, ಅಸ್ಸಾಮಿ, ಬಂಗಾಳಿ ಆಡುವ ಮಗು ಕನ್ನಡದ ಅಂಗನವಾಡಿಯಲ್ಲಿ ಕೆಲವು ತಿಂಗಳು ಬಾಯಿ ಬಿಡದೆ ಕೂರಬಹುದು. ಅದನ್ನು ‘ಮಾತು ಬರುವುದಿಲ್ಲ’ ಎಂದು ಬರೆಯಬಾರದು. ಎರಡು ವರ್ಷಕ್ಕೆ ಎರಡು ಪದ ಜೋಡಿಸುತ್ತದೆಯೇ ಎಂದು ತಾಯಿಯನ್ನೇ ಕೇಳಬೇಕು. ಯಾವ ಭಾಷೆಯ ಪದವಾದರೂ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲೂ ಮಾತಿಲ್ಲವೆಂದರೆ ಮೊದಲು ಕಿವಿ ಪರೀಕ್ಷೆ ಆಗಲಿ. ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬರಬೇಕಾದದ್ದು. ಆ ವೈದ್ಯರಿಗೆ ಒಂದೊಂದು ಮಗುವಿಗೆ ಸಿಗುವುದು ಕೆಲವೇ ನಿಮಿಷ. ಟಿಪ್ಪಣಿ ಪುಸ್ತಕ ಅವರ ಕೈಗೆ ಹೋಗಲಿ. ವಾಟ್ಸ್‌ಆ್ಯಪ್ ಗುಂಪಿಗೆ ಬೇಡ, ಬೇರೆ ತಾಯಂದಿರ ಮುಂದೆ ಓದುವುದೂ ಬೇಡ.

ಕಾಫಿ ಕುಯ್ಲು ಮುಗಿಯುತ್ತಲೇ ಈ ಕುಟುಂಬಗಳು ಬೇರೆ ತೋಟಕ್ಕೋ ಊರಿಗೋ ಹೊರಡುತ್ತವೆ, ಪುಸ್ತಕ ಇಲ್ಲೇ ಉಳಿಯುತ್ತದೆ. ಮಗುವಿಗೊಂದರಂತೆ ಬಿಡಿ ಹಾಳೆ ಇಟ್ಟು, ಹೊರಡುವಾಗ ಅದರ ನಕಲನ್ನು ತಾಯಿ ಕಾರ್ಡಿಗೆ ಪಿನ್ ಮಾಡಿ ಕೊಡುವಂತೆ ಹಾಸನ ಮತ್ತು ಚಿಕ್ಕಮಗಳೂರಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಸುತ್ತೋಲೆ ಹೊರಡಿಸಬೇಕು. ಟಿಪ್ಪಣಿ ಕನ್ನಡದಲ್ಲೇ ಇರಲಿ, ದಿನಾಂಕ ಮತ್ತು ವಯಸ್ಸು ಇಂಗ್ಲಿಷ್ ಅಂಕಿಯಲ್ಲಿದ್ದರೆ ಬೇರೆ ರಾಜ್ಯದವರೂ ಅಷ್ಟನ್ನಾದರೂ ಓದಿಕೊಳ್ಳಬಹುದು.

– ನಿವೃತ್ತ ಅಂಗನವಾಡಿ ಮೇಲ್ವಿಚಾರಕಿಯರು, ಮೂಡಿಗೆರೆ