ಎರಡು ಮೈಕ್, ಒಂದು ಜೊತೆ ಕಿವಿ

ನಾಪೋಕ್ಲು
ಕೈಲು ಮುಹೂರ್ತ ಕಳೆದ ಎರಡನೇ ವಾರ

ಪ್ರೀತಿಯ ಪುಟ್ಟು,

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ನೀನು ಒಂದು ಜೊತೆ ಮೈಕ್ ತೆಗೆದುಕೊಂಡಿದ್ದೀಯಂತೆ. ಈ ಸಲ ಸುಗ್ಗಿಯ ಹುತ್ತರಿ ಹಬ್ಬಕ್ಕೆ ನಿಮ್ಮ ಕುಟುಂಬದ ಮೂಲಮನೆಯಲ್ಲಿ, ಐನ್‌ಮನೆಯಲ್ಲಿ, ದುಡಿ ಅನ್ನುವ ಸಣ್ಣ ಚರ್ಮವಾದ್ಯ ಬಾರಿಸಿ ಹಾಡುವ ದುಡಿಕೊಟ್ಟ್ ಪಾಟ್ ರೆಕಾರ್ಡ್ ಮಾಡುತ್ತೀಯಂತೆ. "ಅಷ್ಟು ದುಡ್ಡು ಸುರಿದು ಪೆನ್ಸಿಲ್ ಹಾಗಿರುವ ಎರಡು ಕಡ್ಡಿ ತಂದಿದ್ದಾನೆ, ನೀನೇ ಬುದ್ಧಿ ಹೇಳು" ಅಂದಳು. ನನಗೋ ಖುಷಿಯಾಯಿತು. ಬುದ್ಧಿ ಹೇಳುವ ನೆಪದಲ್ಲಿ ಈ ಕಾಗದ ಬರೆಯುತ್ತಿದ್ದೇನೆ. ನಮ್ಮ ನುಡಿಯಲ್ಲೇ, ಕೊಡವ ತಕ್ಕಿನಲ್ಲೇ, ಬರೆಯಬಹುದಿತ್ತು. ಆದರೆ ಈ ಕಸುಬನ್ನು ನಾನು ಕಲಿತದ್ದು ಕನ್ನಡದಲ್ಲಿ, ಬೈಸಿಕೊಂಡದ್ದೂ ಕನ್ನಡದಲ್ಲಿ.

ಮೊದಲು ನನ್ನ ಒಂದು ಪೆದ್ದುತನದ ಕಥೆ ಕೇಳು. ಕ್ಯಾಸೆಟ್ ಕಾಲ. ಒಂದು ಮನೆಯಲ್ಲಿ ನಾಲ್ವರು ಹಿರಿಯರು ದುಡಿ ಹಿಡಿದು ನಿಂತಿದ್ದರು. ಇಬ್ಬರು ಸಾಲು ಹಾಡುವುದು, ಉಳಿದಿಬ್ಬರು ಅದನ್ನೇ ಮರಳಿ ಹಾಡುವುದು, ನಿನಗೆ ಗೊತ್ತೇ ಇದೆ. ನಾನು ಜಾಣನ ಹಾಗೆ ಯೋಚಿಸಿದೆ: ಆ ಇಬ್ಬರಿಗೆ ಒಂದು ಮೈಕ್, ಈ ಇಬ್ಬರಿಗೆ ಒಂದು ಮೈಕ್. ನಡುವೆ ಒಂದೂವರೆ ಮೀಟರ್ ಅಂತರ. ಹೆಡ್‌ಫೋನ್‌ನಲ್ಲಿ ಕೇಳಿದರೆ ಅದ್ಭುತ! ಎಡದಿಂದ ಪ್ರಶ್ನೆ, ಬಲದಿಂದ ಉತ್ತರ. ಮನೆಗೆ ಬಂದು ಒಂದೇ ಸ್ಪೀಕರಿನ ಟೇಪ್‌ರೆಕಾರ್ಡರಿಗೆ ಹಾಕಿದೆ. ನಾಲ್ವರೂ ಬಕೆಟ್ಟಿನೊಳಗೆ ಕೂತು ಹಾಡಿದ ಹಾಗಿತ್ತು. ದುಡಿಯ ಜೀವವೇ ಹೋಗಿತ್ತು. ಆ ನಾಲ್ವರಲ್ಲಿ ಇಬ್ಬರು ಮುಂದಿನ ಹುತ್ತರಿಗೆ ಇರಲಿಲ್ಲ.

ಏಕೆ ಹಾಗಾಯಿತು ಅಂತ ತಿಳಿಯಲು ನನಗೆ ವರ್ಷಗಳು ಬೇಕಾದವು. ನಿನಗೆ ಐದು ನಿಮಿಷ ಸಾಕು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಂದರೆ 34 ಸೆಂಟಿಮೀಟರ್ ಹೆಚ್ಚು ದಾರಿ ನಡೆದರೆ ಒಂದು ಮಿಲಿಸೆಕೆಂಡ್ ತಡ. ಎಡಗಡೆ ನಿಂತವನ ದನಿ ಹತ್ತಿರದ ಮೈಕಿಗೆ ಮೊದಲು ಬಂತು, ದೂರದ ಮೈಕಿಗೆ ಆಮೇಲೆ ಬಂತು. ಎರಡೂ ಬೇರೆ ಬೇರೆ ಸ್ಪೀಕರಿನಲ್ಲಿ ಇರುವವರೆಗೆ ಏನೂ ತೊಂದರೆ ಇಲ್ಲ. ಒಂದರಲ್ಲಿ ಕೂಡಿಸಿದೆಯೋ, ಜಗಳ ಶುರು. ಒಂದು ಮಿಲಿಸೆಕೆಂಡ್ ತಡವಾದರೆ 500 ಹರ್ಟ್ಸಿನ, ಅಂದರೆ ಸೆಕೆಂಡಿಗೆ 500 ಸುತ್ತು ಕಂಪಿಸುವ, ಸ್ವರ ಅಷ್ಟರಲ್ಲಿ ಅರ್ಧ ಸುತ್ತು ಮುಗಿಸಿರುತ್ತದೆ. ಒಂದು ಮೈಕಿನಲ್ಲಿ ಅಲೆ ಮೇಲೆ, ಇನ್ನೊಂದರಲ್ಲಿ ಕೆಳಗೆ. ಕೂಡಿಸಿದರೆ ಹೆಚ್ಚುಕಡಿಮೆ ಸೊನ್ನೆ. 1500ರಲ್ಲೂ ಹಾಗೇ, 2500ರಲ್ಲೂ ಹಾಗೇ. ಬಾಚಣಿಗೆಯ ಹಲ್ಲಿನ ಹಾಗೆ ದನಿಯಲ್ಲಿ ಸಂದು ಬೀಳುತ್ತದೆ. ಈಗ ನಿನ್ನ ರೆಕಾರ್ಡಿಂಗನ್ನು ನಮ್ಮ ಜನ ಯಾವುದರಲ್ಲಿ ಕೇಳುತ್ತಾರೆ ಹೇಳು? ಮೊಬೈಲಿನಲ್ಲಿ ಅಲ್ವಾ? ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಒಂದು ಸಣ್ಣ ಸ್ಪೀಕರಿನಲ್ಲಿ. ಆದ್ದರಿಂದ ಈ ಲೆಕ್ಕ ಕ್ಯಾಸೆಟ್ ಜೊತೆ ಹಳತಾಗಿಲ್ಲ.

ಹಾಗಾಗಿ ಎರಡು ಮೈಕನ್ನು ಇಬ್ಬರು ಹಾಡುಗಾರರಿಗೆ ಹಂಚಬೇಡ. ಅವೆರಡೂ ಸೇರಿ ಒಬ್ಬ ಕೇಳುಗ. ಒಂದು ತಲೆ, ಎರಡು ಕಿವಿ. ಆ ತಲೆಯನ್ನು ಎಲ್ಲಿ ಕೂರಿಸಬೇಕು ಅನ್ನುವುದೇ ನಿನ್ನ ಕೆಲಸ.

ಇದು ಹೊಸ ಯೋಚನೆಯೇನಲ್ಲ. 1931ರಲ್ಲೇ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಅನ್ನುವ ಎಂಜಿನಿಯರ್ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಹೆಂಡತಿಯ ಜೊತೆ ಸಿನಿಮಾಕ್ಕೆ ಹೋಗಿದ್ದನಂತೆ. ಪರದೆಯ ಮೇಲೆ ನಟ ಅತ್ತ ನಡೆದರೂ ಮಾತು ಇತ್ತಲಿಂದಲೇ ಬರುತ್ತಿದ್ದದ್ದು ಅವನಿಗೆ ಸಹಿಸಲಾಗಲಿಲ್ಲವಂತೆ. ಸಿನಿಮಾಕ್ಕೆ ಹೋದರೂ ಕೆಲಸ ಬಿಡದ ಗಂಡ, ಪಾಪ ಆ ಹೆಂಗಸು!

ನಿನ್ನ ಮೈಕ್‌ಗಳು ಕಾರ್ಡಿಯಾಯ್ಡ್ ಜಾತಿಯವು ಅಂತ ಅಕ್ಕ ಕಳಿಸಿದ ಫೋಟೊದಲ್ಲಿ ನೋಡಿದೆ. ಅವು ಮುಂದಿನದನ್ನು ಚೆನ್ನಾಗಿ ಕೇಳುತ್ತವೆ, ಬೆನ್ನ ಹಿಂದೆ ಬಹಳ ಮಂದ. ಅವನ್ನು ಎರಡು ರೀತಿ ನಿಲ್ಲಿಸಲು ಕಲಿತರೆ ನಿನಗೆ ಮುಂದಿನ ಹತ್ತು ವರ್ಷಕ್ಕೆ ಅಷ್ಟೇ ಸಾಕು.

ಒಂದು ಎಕ್ಸ್‌ವೈ. ಎರಡು ಮೈಕಿನ ತಲೆಗಳು ಒಂದರ ಮೇಲೊಂದು, ಮುಟ್ಟದ ಹಾಗೆ. ನಡುವಿನ ಕೋನ 90 ಡಿಗ್ರಿ. ಎರಡೂ ಒಂದೇ ಜಾಗದಲ್ಲಿ ಇರುವುದರಿಂದ ಶಬ್ದ ಎರಡಕ್ಕೂ ಒಟ್ಟಿಗೇ ತಲುಪುತ್ತದೆ. ಎಡ ಬಲ ಗೊತ್ತಾಗುವುದು ಜೋರು ಮೆಲ್ಲಗೆ ಅನ್ನುವ ವ್ಯತ್ಯಾಸದಿಂದ ಮಾತ್ರ. ಮೊಬೈಲಿನಲ್ಲಿ ಕೂಡಿಸಿದರೂ ಕೆಡುವುದಿಲ್ಲ. ಆದರೆ ಸ್ವಲ್ಪ ಇಕ್ಕಟ್ಟು. ದೂರದಿಂದ ಹಿಡಿದರೆ ನಾಲ್ವರೂ ಒಂದೇ ಕಂಬಳಿ ಹೊದ್ದುಕೊಂಡ ಹಾಗೆ ನಡುವಿಗೆ ಬಂದು ಸೇರುತ್ತಾರೆ. ಇನ್ನೊಂದು ಮಾತು: ಎಡಕ್ಕೆ ಮುಖ ಮಾಡಿದ ಮೈಕಿನ ಬಾಲ ಬಲಗಡೆ ಇರುತ್ತದೆ. ಗಡಿಬಿಡಿಯಲ್ಲಿ ಕೇಬಲ್ ಅದಲುಬದಲಾಗುತ್ತದೆ. ಎಡಗಡೆ ಹೋಗಿ ಚಪ್ಪಾಳೆ ತಟ್ಟಿ "ಎಡ" ಅಂತ ಹೇಳಿ ರೆಕಾರ್ಡ್ ಮಾಡಿಕೋ. ನಾಚಿಕೆಪಡಬೇಡ.

ಇನ್ನೊಂದು ಓಆರ್‌ಟಿಎಫ್. ಫ್ರಾನ್ಸಿನ ರೇಡಿಯೊದವರು 1960ರ ಸುಮಾರಿಗೆ ರೂಢಿ ಮಾಡಿದ್ದು, ಹೆಸರೂ ಆ ಸಂಸ್ಥೆಯದೇ. ಎರಡು ಮೈಕಿನ ತಲೆಗಳ ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ, ಮುಖ ಹೊರಗಡೆಗೆ. ಒಂದು ಗೇಣಿಗಿಂತ ಕಡಿಮೆ, ಹೆಚ್ಚುಕಡಿಮೆ ನಮ್ಮ ಎರಡು ಕಿವಿಗಳ ಅಂತರ. ಇಲ್ಲಿ ಜೋರು ಮೆಲ್ಲಗೆಯ ಜೊತೆ ತುಸು ಮುಂಚೆ, ತುಸು ಆಮೇಲೆ ಅನ್ನುವುದೂ ಸೇರುತ್ತದೆ. ಆದ್ದರಿಂದ ಕಣ್ಣು ಮುಚ್ಚಿದರೆ ಕೋಣೆ ಎದುರಿಗೆ ಬರುತ್ತದೆ. ಕೂಡಿಸಿದಾಗ ಸ್ವಲ್ಪ ಮೊನಚು ಕಡಿಮೆಯಾಗಬಹುದು, ಬಕೆಟ್ ಆಗುವುದಿಲ್ಲ. 17 ಸೆಂಟಿಮೀಟರ್ ಅಳೆಯುವುದು ತಲೆಯಿಂದ ತಲೆಗೆ. ಕ್ಲಿಪ್‌ನಿಂದ ಕ್ಲಿಪ್‌ಗೆ ಅಳೆದು ಮೋಸ ಹೋದವರನ್ನು ಬಹಳ ನೋಡಿದ್ದೇನೆ. ಒಂದು ಕಡ್ಡಿಯನ್ನು ಸರಿಯಾಗಿ ಕತ್ತರಿಸಿ ಚೀಲದಲ್ಲಿ ಇಟ್ಟುಕೋ. ಕೋನಕ್ಕೆ ನಿನ್ನ ಹಳೆಯ ಕಂಪಾಸ್ ಬಾಕ್ಸಿನ ಕೋನಮಾಪಕ ಸಾಕು. ರಟ್ಟಿನ ಮೇಲೆ ಒಮ್ಮೆ ಗೆರೆ ಎಳೆದು ಕತ್ತರಿಸಿಟ್ಟರೆ ಕತ್ತಲಲ್ಲೂ ಹೊಂದಿಸಬಹುದು.

ಎಂಎಸ್ ಅಂತ ಇನ್ನೊಂದಿದೆ. ಅದಕ್ಕೆ ಎಂಟರ ಆಕಾರದಲ್ಲಿ ಕೇಳುವ ಮೈಕ್ ಬೇಕು, ನಿನ್ನ ಹತ್ತಿರ ಇಲ್ಲ. ಬಿಡು.

ನಡುಮನೆಯಲ್ಲಿ ಹಾಡುವಾಗ ನಾನಾದರೆ ಓಆರ್‌ಟಿಎಫ್ ಇಡುತ್ತೇನೆ. ನೆಂಟರು ತುಂಬಿಕೊಂಡು ಗಲಾಟೆ ಜಾಸ್ತಿ ಇದ್ದರೆ ಎಕ್ಸ್‌ವೈ ಮಾಡಿ ಹತ್ತಿರ ಹೋಗುತ್ತೇನೆ. ಎಷ್ಟು ಹತ್ತಿರ? ಓಆರ್‌ಟಿಎಫ್‌ನ ಕಣ್ಣಿಗೆ ಸುಮಾರು 95 ಡಿಗ್ರಿ ಅಗಲ ಕಾಣುತ್ತದೆ ಅಂದುಕೋ. ಹಾಡುವವರು ಎರಡು ಮೀಟರ್ ಅಗಲಕ್ಕೆ ನಿಂತಿದ್ದರೆ ಒಂದು ಮೀಟರ್ ದೂರದಲ್ಲಿ ಅವರು ಈ ತುದಿಯಿಂದ ಆ ತುದಿವರೆಗೆ ತುಂಬಿಕೊಳ್ಳುತ್ತಾರೆ. ಒಂದೂವರೆ ಮೀಟರ್‌ಗೆ ಹಿಂದೆ ಸರಿದರೆ ಎರಡೂ ಕಡೆ ಸ್ವಲ್ಪ ಜಾಗ ಉಳಿಯುತ್ತದೆ, ಕೋಣೆಯೂ ಉಸಿರಾಡುತ್ತದೆ. ಅಲ್ಲಿಂದ ಶುರು ಮಾಡು. ಆದರೆ ಅಳತೆಯ ಟೇಪು ಹಿಡಿಯುವ ಮೊದಲು ಕಿವಿಯಿಂದ ಅಳೆ. ಅವರು ಗಂಟಲು ಸರಿಮಾಡಿಕೊಂಡು ಒಂದೆರಡು ಸಾಲು ಗುನುಗುವಾಗ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ಕೋಣೆಯಲ್ಲಿ ಸುಮ್ನೆ ಓಡಾಡು. ಎರಡು ಕಿವಿ ಇದ್ದಾಗ ನಮ್ಮ ಮಿದುಳು ಗೋಡೆಯ ಪ್ರತಿಧ್ವನಿಯನ್ನು ತಾನೇ ಬದಿಗೆ ತಳ್ಳುತ್ತದೆ. ಒಂದು ಕಿವಿಗೆ ಆ ಜಾಣತನ ಕಡಿಮೆ, ಮೈಕಿನ ಹಾಗೆ. ಪದ ಸ್ಪಷ್ಟವಾಗಿ ಕೇಳಿ, ದುಡಿಯೂ ಮೈತುಂಬಿ ಕೇಳುವ ಜಾಗ ಒಂದು ಸಿಗುತ್ತದೆ. ಒಂದು ಹೆಜ್ಜೆ ಹಿಂದೆ ಹೋದರೆ ಗದ್ದಲ, ಒಂದು ಹೆಜ್ಜೆ ಮುಂದೆ ಹೋದರೆ ಒಣ. ಅಲ್ಲೇ ಸ್ಟ್ಯಾಂಡ್ ಇಡು.

ಗೋಡೆಗೂ ಮೂಲೆಗೂ ಅಂಟಿಸಬೇಡ. ಮೂಲೆಯಲ್ಲಿ ಕೆಳಗಿನ ಸ್ವರಗಳು ಊದಿಕೊಳ್ಳುತ್ತವೆ. ಅಡುಗೆಮನೆ ಮೈಕಿನ ಬೆನ್ನಿಗೆ ಬರುವ ಹಾಗೆ ನೋಡಿಕೋ. ಹಬ್ಬದ ದಿನ ಅಲ್ಲಿ ನಡೆಯುವ ಮಾತುಕತೆ ದುಡಿಗಿಂತ ಜೋರು. ಎತ್ತರ ಹಾಡುವವರ ತಲೆಗಿಂತ ಸ್ವಲ್ಪ ಮೇಲಿರಲಿ, ಮೂತಿ ಬಾಯಿಯ ಕಡೆ ಬಾಗಿರಲಿ. ದುಡಿ ಕೈಯಲ್ಲಿ, ಎದೆಗಿಂತ ಕೆಳಗೆ ಇರುತ್ತದೆ. ಸ್ಟ್ಯಾಂಡ್ ತಗ್ಗಿಸಿದರೆ ದುಡಿ ಹಾಡನ್ನು ನುಂಗುತ್ತದೆ, ಏರಿಸಿದರೆ ಹಾಡು ಮುಂದೆ ಬರುತ್ತದೆ. ಎಷ್ಟೋ ಜನ ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಲು ರಾತ್ರಿಯೆಲ್ಲ ಕೂರುತ್ತಾರೆ. ಅರ್ಧ ಅಡಿ ಸ್ಟ್ಯಾಂಡ್ ಏರಿಸಿದ್ದರೆ ಆಗುತ್ತಿತ್ತು.

ಸ್ಟ್ಯಾಂಡ್ ವಿಷಯ. ನಿಮ್ಮ ಐನ್‌ಮನೆಯ ಮರದ ನೆಲ ನನಗೆ ನೆನಪಿದೆ. ಅಲ್ಲಿ ಒಂದು ಮಗು ಓಡಿದರೆ ಮೈಕಿನಲ್ಲಿ ಆನೆ ಬಂದ ಹಾಗೆ. ರಬ್ಬರಿನಲ್ಲಿ ತೂಗುವ ಶಾಕ್‌ಮೌಂಟ್ ಹಾಕು, ಮೂರು ಕಾಲಿನ ಕೆಳಗೂ ಮಡಚಿದ ಗೋಣಿತಾಟು ಇಡು. ಅಡ್ಡ ಕೋಲು ಚಾಚಿದ್ದರೆ ಸ್ಟ್ಯಾಂಡಿನ ಒಂದು ಕಾಲು ಅದೇ ದಿಕ್ಕಿಗೆ ಇರಲಿ, ಇಲ್ಲದಿದ್ದರೆ ಮುಗ್ಗರಿಸುತ್ತದೆ. ಬುಡಕ್ಕೆ ಭಾರ ಬೇಕು. ಮರಳಿನ ಚೀಲ ಸಿಗದಿದ್ದರೆ ಐದು ಕೆಜಿ ಕಾಫಿ ಬೀಜ ಚೀಲದಲ್ಲಿ ಕಟ್ಟಿ ನೇತುಹಾಕು, ನಮ್ಮಲ್ಲಿ ಅದಕ್ಕೇನು ಬರವೇ? ಕೇಬಲನ್ನು ಮೈಕಿನ ಹತ್ತಿರ ಒಂದು ಸಡಿಲ ಸುತ್ತು ಬಿಟ್ಟು ಸ್ಟ್ಯಾಂಡಿಗೆ ಕಟ್ಟು. ಯಾರೋ ಎಡವಿದರೂ ಎಳೆತ ಮೈಕ್‌ವರೆಗೆ ಹೋಗಬಾರದು. ಆಮೇಲೆ ತಿರುಪು. ಕೆಲವು 5/8 ಇಂಚು, ಕೆಲವು 3/8. ನಡುವೆ ಹಾಕುವ ಸಣ್ಣ ಹಿತ್ತಾಳೆ ಬಳೆ ಎರಡು ಜೇಬಿನಲ್ಲೇ ಇರಲಿ. ಅದು ಬಿದ್ದು ಹಲಗೆ ಸಂದಿಗೆ ಸೇರಿದ ರಾತ್ರಿ ನಾನು ಮೈಕನ್ನು ಬಾಳೆನಾರಿನಲ್ಲಿ ಕಟ್ಟಿ ನಿಲ್ಲಿಸಿದ್ದೇನೆ.

ಹಬ್ಬಕ್ಕೆ ಮೊದಲು ಜೊತೆಯನ್ನು ಪರೀಕ್ಷೆ ಮಾಡು. ನನಗೆ ಒಮ್ಮೆ ಒಬ್ಬ ಅಂಗಡಿಯವ "ಅವಳಿ ಸಾರ್, ಅವಳಿ" ಅಂತ ಹೇಳಿ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡನ್ನು ಕೊಟ್ಟಿದ್ದ. ಎರಡನ್ನೂ ಅಂಟಿಸಿದ ಹಾಗೆ ಪಕ್ಕಪಕ್ಕ ಇಟ್ಟು ಒಂದೇ ರೇಡಿಯೊ ಕಡೆ ತಿರುಗಿಸು. ಈ ಮೈಕ್‌ಗಳು ನಡೆಯಲು ಬೇಕಾದ 48 ವೋಲ್ಟನ್ನು ರೆಕಾರ್ಡರಿನಿಂದ ಹಾಕಿ ಎರಡರ ಗೇನ್, ಅಂದರೆ ದನಿ ಹಿಗ್ಗಿಸುವ ಪ್ರಮಾಣ, ಸಮ ಮಾಡು. ನಿನ್ನ ರೆಕಾರ್ಡರಿನಲ್ಲಿ ಎರಡರ ಗೇನನ್ನೂ ಒಟ್ಟಿಗೆ ಏರಿಳಿಯುವ ಹಾಗೆ ಕಟ್ಟುವ ವ್ಯವಸ್ಥೆ ಇದ್ದರೆ ಆಮೇಲೆ ಕಟ್ಟಿಬಿಡು. ಈಗ ಒಂದರ ಫೇಸ್ ತಿರುಗಿಸಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ, ಎರಡನ್ನೂ ಕೂಡಿಸಿ ಕೇಳು. ಶಬ್ದ ಬಹುಪಾಲು ಮಾಯವಾದರೆ ನಿಜವಾದ ಅವಳಿ.

ಹಾಡಿನ ಏರುದನಿ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ನಿಂತರೆ ಸಾಕು. 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡುವಾಗ ಕೆಂಪು ದೀಪದ ತನಕ ಹೋಗುವ ಅವಸರ ಬೇಡ. ಗದ್ದೆಗೆ ಹೊಸ ಭತ್ತದ ಕದಿರು ತೆಗೆಯಲು ಹೋಗುವಾಗ ಗೇನನ್ನು ಇನ್ನೂ ತುಂಬಾ ಇಳಿಸು. "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗುತ್ತಾರೆ, ಆ ಹೊತ್ತಿಗೇ ಕೋವಿ ಹಾರುತ್ತದೆ. ಕೋವಿ ಹಿಡಿದವರು ಎಲ್ಲಿ ನಿಲ್ಲುತ್ತಾರೆ ಅಂತ ಮೊದಲೇ ಕೇಳಿಕೊಂಡು ಮೈಕನ್ನು ದೂರ ಇಡು. ಆ ಕ್ಷಣಕ್ಕೆ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಹಾಕಿಕೋ. ನನ್ನ ಎಡಗಿವಿ ಈಗಲೂ ಸಂಜೆ ಹೊತ್ತು ಕೂಗುತ್ತದೆ. ಬಯಲಿನಲ್ಲಿ ಬರೀ ಸ್ಪಂಜಿನ ಟೋಪಿ ಗಾಳಿಗೆ ತಡೆಯುವುದಿಲ್ಲ, ಕೂದಲಿನ ಟೋಪಿ ಬೇಕು. 80 ಹರ್ಟ್ಸಿನ ಕೆಳಗಿನ ಗುಡುಗುಡು ಸದ್ದನ್ನು ರೆಕಾರ್ಡ್ ಮಾಡುವಾಗಲೇ ಕತ್ತರಿಸಿಬಿಡು.

ಹಿರಿಯರ ಹತ್ತಿರ ಹೇಗಿರಬೇಕು ಅಂತ ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. "ಅಜ್ಜ, ಅರ್ಧ ಅಡಿ ಎಡಕ್ಕೆ" ಅನ್ನಬೇಡ. ನೀನು ಅರ್ಧ ಅಡಿ ಬಲಕ್ಕೆ ಹೋಗು. ದೀಪಕ್ಕೂ ಅವರಿಗೂ ನಡುವೆ ಸ್ಟ್ಯಾಂಡ್ ಬರಬಾರದು. "ಇನ್ನೊಂದು ಸಲ ಹಾಡಿ" ಅನ್ನುವ ಮಾತು ಹಬ್ಬದ ರಾತ್ರಿ ಬೇಡ, ಮರುದಿನ ಕಾಫಿ ಕುಡಿಯುವಾಗ ಕೇಳಿ ನೋಡು. ಮೊದಲ ಹಾಡಿನಲ್ಲಿ ಅವರ ಕಣ್ಣು ಮೈಕಿನ ಮೇಲೆ ಇರುತ್ತದೆ. ಮೂರನೆಯದಕ್ಕೆ ಮರೆಯುತ್ತಾರೆ. ಅಲ್ಲಿಂದ ದನಿ ಏರುತ್ತದೆ, ಗೇನ್ ಮೇಲೆ ಕಣ್ಣಿಡು. ಶುರುವಿನಲ್ಲಿ ತಾರೀಕು, ಮನೆ, ಹಾಡುವವರ ಹೆಸರು ನೀನೇ ಹೇಳಿ ಹಾಕು. ಕೊನೆಗೆ ಯಾರೂ ಮಾತಾಡದ ಅರ್ಧ ನಿಮಿಷ ಸಿಕ್ಕಿದರೆ ಅದನ್ನೂ ಹಿಡಿ. ಎಡಿಟ್ ಮಾಡುವಾಗ ಸಂದಿ ಮುಚ್ಚಲು ಆ ಕೋಣೆಯ ಮೌನವೇ ಬೇಕಾಗುತ್ತದೆ.

ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಕಂಡೆನ್ಸರ್ ಮೈಕಿಗೆ ನಮ್ಮ ಊರಿನ ತೇವ ಆಗುವುದಿಲ್ಲ. ಒಗ್ಗರಣೆ ಹಾಕಿದ ಹಾಗೆ ಚಟಪಟ ಅನ್ನತೊಡಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡು. ಅಕ್ಕ "ಒಲೆಯ ಮೇಲಿನ ಅಟ್ಟದಲ್ಲಿ ಇಡು, ಬೆಚ್ಚಗಿರುತ್ತದೆ" ಅಂತ ಹೇಳಿಯೇ ಹೇಳುತ್ತಾಳೆ. ಕೇಳಬೇಡ. ಹೊಗೆ ಹಿಡಿದರೆ ಮೈಕ್ ಮುಗಿಯಿತು.

ನಾಳೆ ಬೆಳಗಿನ ವಿರಾಜಪೇಟೆ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ನಾನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದ ಕಬ್ಬಿಣದ ಪಟ್ಟಿ ಅದರಲ್ಲಿದೆ, ಎರಡು ಮೈಕನ್ನು ಒಂದೇ ಸ್ಟ್ಯಾಂಡಿಗೆ ಹಾಕುವುದಕ್ಕೆ. ಮೂರು ತೂತು ಇವೆ. ನಡುವಿನದು ಸ್ಟ್ಯಾಂಡಿಗೆ, ತುದಿಯ ಎರಡು ಮೈಕಿಗೆ. ಎಡಗಡೆಯ ತೂತು ಸ್ವಲ್ಪ ತಪ್ಪಿ ಕೊರೆದಿದ್ದಾರೆ, ಅಲ್ಲಿ ಸೈಕಲ್ ಟ್ಯೂಬಿನ ತುಂಡು ತುರುಕಿದ್ದೇನೆ. ಅದನ್ನು ತೆಗೆಯಬೇಡ.

ನಿನ್ನ ಮಾವ