ಇಪ್ಪತ್ತನೆಯ ಚೌಕ

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ಮೂರು ದಿನಗಳಾದವು. ಮೊದಲ ಸಲ ಓದಿದಾಗ ಸಂತೋಷವೇ ಆಯಿತು. ಎರಡನೆಯ ಸಲ ಓದುವಾಗ ನಡುವಿನ ಒಂದು ವಾಕ್ಯದಲ್ಲಿ ಕಣ್ಣು ನಿಂತಿತು, ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ. "ಐದನೆಯ ದಿನ ಮೆಟ್ಟಿಲು ಇಳಿಯಲೂ ಆಗಲಿಲ್ಲ, ಆದರೂ ಜಿಮ್ಮಿಗೆ ಹೋದೆ ದೊಡ್ಡಮ್ಮ, ಒಂದು ದಿನ ತಪ್ಪಿಸಿದರೆ ಮತ್ತೆಂದೂ ಹೋಗಲಾರೆನೇನೋ ಎಂದು ಹೆದರಿಕೆಯಾಗುತ್ತದೆ" ಎಂದು ಬರೆದಿದ್ದೀಯಲ್ಲ, ಆ ವಾಕ್ಯ. ವಾರಕ್ಕೆ ಆರು ದಿನ, ದಿನಕ್ಕೆ ಒಂದೂವರೆ ಗಂಟೆ, ಊಟ 1,000 ಕ್ಯಾಲೊರಿ ಮೀರಬಾರದು ಎಂಬ ನಿನ್ನ ವೇಳಾಪಟ್ಟಿಯ ಬಗ್ಗೆಯೂ ನನಗೆ ಹೇಳುವುದಿದೆ, ಆದರೆ ಅವೆಲ್ಲ ತಿದ್ದಬಹುದಾದ ಲೆಕ್ಕಗಳು. ಆ ಹೆದರಿಕೆ ಹಾಗಲ್ಲ. ಅದು ನನಗೆ ಹಳೆಯ ಪರಿಚಯ, ಅದರ ಜೊತೆ ನಾನು ಬಹಳ ವರ್ಷ ಬದುಕಿದ್ದೇನೆ.

ನಿನಗಿಂತ ಐದು ವರ್ಷ ಹೆಚ್ಚಿನ ವಯಸ್ಸಿನಲ್ಲಿ, ನನ್ನ ಇಪ್ಪತ್ತೊಂಬತ್ತರಲ್ಲಿ, ನಾನೂ ಜಿಮ್ಮಿಗೆ ಸೇರಿದ್ದೆ. ಮನೆಯಲ್ಲಿ ಯಾರಿಗೂ ಇದು ನೆನಪಿರಲಾರದು, ಏಕೆಂದರೆ ನೆನಪಿಟ್ಟುಕೊಳ್ಳುವಷ್ಟು ದಿನ ಅದು ನಡೆಯಲೇ ಇಲ್ಲ. ಒಂದು ಹಾಳೆಯ ಮೇಲೆ ಅಡಿಕೋಲು ಇಟ್ಟು ತೊಂಬತ್ತು ಚೌಕಗಳನ್ನು ಗೀಚಿ ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿದ್ದೆ. ಹೋಗಿ ಬಂದ ದಿನ ಕೆಂಪು ಶಾಯಿಯಲ್ಲಿ ಒಂದು ಗುರುತು. ಮೂರನೆಯ ದಿನ ಮೊಣಕೈ ನೆಟ್ಟಗೂ ಆಗಲಿಲ್ಲ, ಪೂರ್ತಿ ಮಡಚಲೂ ಇಲ್ಲ; ಬಾಚಣಿಗೆಯನ್ನು ತಲೆಯವರೆಗೆ ಒಯ್ಯಲಾಗದೆ, ಮೇಜಿನ ಅಂಚಿಗೆ ಮೊಣಕೈ ಊರಿ, ತಲೆಯನ್ನೇ ಬಾಚಣಿಗೆಯ ಕಡೆಗೆ ಬಗ್ಗಿಸಿ ಕೂದಲು ಬಾಚಿಕೊಂಡದ್ದು ಈಗಲೂ ಕಣ್ಣಮುಂದಿದೆ. ಆ ಸಂಜೆಯೂ ಹೋದೆ. ಹೋದದ್ದು ಛಲವೆಂದೇ ನಂಬಿದ್ದೆ.

ಹತ್ತೊಂಬತ್ತು ಗುರುತುಗಳಾದವು. ಇಪ್ಪತ್ತನೆಯ ದಿನ ಜ್ವರ ಬಂತು. ಎರಡೇ ದಿನದ ಜ್ವರ, ಮೂರನೆಯ ದಿನ ಮೈ ಹಗುರವಾಗಿತ್ತು, ಆದರೆ ಬೀರು ತೆರೆದಾಗ ಆ ಖಾಲಿ ಚೌಕ ಕಂಡಿತು, ಅದನ್ನು ದಾಟಿ ಮುಂದಿನದರಲ್ಲಿ ಗುರುತು ಹಾಕಲು ನನ್ನ ಕೈ ಏಳಲಿಲ್ಲ. ಕೆಟ್ಟುಹೋದ ಹಾಳೆಯ ಮೇಲೆ ಯಾರು ಬರೆಯುತ್ತಾರೆ ಎನಿಸಿತು. ಮತ್ತೆ ನಾನು ಜಿಮ್ಮಿಗೆ ಹೋದದ್ದು ಇಪ್ಪತ್ತನಾಲ್ಕು ವರ್ಷಗಳ ಮೇಲೆ. ಹಾಳೆಯನ್ನು ಯಾವಾಗಲೋ ಕಿತ್ತೆ. ಅಂಟಿನ ನಾಲ್ಕು ಕಲೆಗಳು ಬಾಗಿಲಿನ ಮೇಲೆ ಹಾಗೆಯೇ ಉಳಿದಿವೆ.

ಇಷ್ಟು ಓದಿದರೆ ನಿನ್ನ ಹೆದರಿಕೆಗೆ ನಾನೇ ಸಾಕ್ಷಿ ಹೇಳಿದಂತೆ ನಿನಗೆ ತೋರಬಹುದು. ಒಂದು ದಿನ ತಪ್ಪಿತು, ಅಲ್ಲಿಗೆ ಮುಗಿಯಿತು. ನಾನೂ ಬಹುಕಾಲ ಹಾಗೆಯೇ ಹೇಳಿಕೊಂಡು ಬಂದೆ. ಯಾರಿಗೂ ಹೇಳದ ಮಾತೊಂದನ್ನು ಈಗ ನಿನಗೆ ಬರೆಯುತ್ತೇನೆ: ಜ್ವರ ಬಂದ ಆ ಬೆಳಿಗ್ಗೆ ನನಗೆ ದುಃಖವಾಗಲಿಲ್ಲ, ಸಮಾಧಾನವಾಯಿತು. ಹನ್ನೆರಡನೆಯ ದಿನದಿಂದಲೇ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು, ಹಸಿವಿನಿಂದ ಎಲ್ಲರ ಮೇಲೂ ಹರಿಹಾಯುತ್ತಿದ್ದೆ, ಯಾವುದಾದರೂ ಗೌರವದ ನೆಪ ಸಿಕ್ಕಿ ಇದು ನಿಲ್ಲಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಆ ಇಪ್ಪತ್ತನೆಯ ದಿನ ಏನನ್ನೂ ಕೆಡಿಸಲಿಲ್ಲ. ಮೊದಲ ದಿನವೇ ನಾನು ತೊಂಬತ್ತು ದಿನ ಹೊರಲಾರದ ಹೊರೆಯನ್ನು ಹೊತ್ತುಕೊಂಡಿದ್ದೆ. ನೀನು ಹೆದರುತ್ತಿರುವುದು ಒಂದು ದಿನದ ವಿಶ್ರಾಂತಿಗೋ, ಅಥವಾ ವಿಶ್ರಾಂತಿ ಸಿಕ್ಕರೆ ಮನಸ್ಸು ಹೇಳಿಬಿಡಬಹುದಾದ ಮಾತಿಗೋ ಎಂಬುದನ್ನು ಯೋಚಿಸು. ನಾನು ಯೋಚಿಸಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಐವತ್ತು ದಾಟಿದ ಮೇಲೆ ಓದಿದೆ. 96 ಜನರು ತಮಗೆ ಬೇಕಾದ ಒಂದೊಂದು ಹೊಸ ಅಭ್ಯಾಸವನ್ನು ಆರಿಸಿಕೊಂಡು ಹನ್ನೆರಡು ವಾರ ಪ್ರತಿದಿನ ಮಾಡಲು ಹೊರಟಿದ್ದರು. ಅದು ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ಹಿಡಿಯುವ ಕಾಲ ಒಬ್ಬರಿಗೆ 18 ದಿನವಾದರೆ ಮತ್ತೊಬ್ಬರಿಗೆ 254 ದಿನದವರೆಗೂ ಹೋಗಬಹುದೆಂದು, ನಡುವಿನ ಲೆಕ್ಕ 66 ದಿನವೆಂದು ಅಂದಾಜಿಸಿದರು. ನಾನು ಎರಡು ಸಲ ಓದಿದ್ದು ಆ ಸಂಖ್ಯೆಗಳನ್ನಲ್ಲ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ ಎಂಬ ಮಾತನ್ನು. ಇಪ್ಪತ್ತೊಂಬತ್ತರಲ್ಲಿ ಯಾರಾದರೂ ಇದನ್ನು ನನಗೆ ಹೇಳಿದ್ದರೆ ಕೇಳುತ್ತಿದ್ದೆನೆಂಬ ಭರವಸೆಯೇನೂ ಇಲ್ಲ.

ಮೆಟ್ಟಿಲಿನ ವಿಷಯ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಗುತ್ತದೆ ಎಂಬುದನ್ನು ಗಮನಿಸಿದ್ದೀಯಾ? ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗಬೇಕಾದ ಚಲನೆಗಳಲ್ಲಿ, ಅಂದರೆ ಮಂಡಿ ಮಡಚಿ ಕೂತು ಏಳುವ ಸ್ಕ್ವಾಟ್‌ನಲ್ಲಿ ಕೆಳಗಿಳಿಯುವಾಗ, ಡಂಬೆಲ್ಲನ್ನು ನಿಧಾನವಾಗಿ ಇಳಿಸುವಾಗ, ಅದರ ಎಳೆಗಳಿಗೆ ಹೆಚ್ಚು ಪೆಟ್ಟಾಗುತ್ತದೆ. ಮೆಟ್ಟಿಲು ಇಳಿಯುವುದೂ ಅಂಥದೇ ಚಲನೆ. ಆ ನೋವು ಒಂದರಿಂದ ಮೂರು ದಿನಗಳೊಳಗೆ ತುತ್ತತುದಿಗೆ ಏರಿ ಆಮೇಲೆ ಇಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ, ಇನ್ನಷ್ಟು ಬೆವರಿಳಿಸಿದರೆ ಕರಗುತ್ತದೆ ಎಂದು ನನಗೆ ಅಂದು ಜಿಮ್ಮಿನಲ್ಲಿ ಹೇಳಿದ್ದರು, ಅದು ತಪ್ಪು. ಆ ಆಮ್ಲ ಮೈಯಲ್ಲಿ ಇರುವ ರೂಪವಾದ ಲ್ಯಾಕ್ಟೇಟ್ ವ್ಯಾಯಾಮ ಮುಗಿದ ಒಂದೆರಡು ಗಂಟೆಗಳಲ್ಲೇ ರಕ್ತದಿಂದ ಹೋಗಿರುತ್ತದೆ. ಅದೇ ವ್ಯಾಯಾಮವನ್ನು ಕೆಲವು ದಿನ ಬಿಟ್ಟು ಮತ್ತೆ ಮಾಡಿದಾಗ ನೋವು ಬಹಳ ಕಡಿಮೆಯಿರುತ್ತದೆ, ಏಕೆಂದರೆ ಆ ನಡುವಿನ ದಿನಗಳಲ್ಲಿ ಸ್ನಾಯು ತನ್ನನ್ನು ರಿಪೇರಿ ಮಾಡಿಕೊಂಡು ಆ ಕೆಲಸಕ್ಕೆ ಹೊಂದಿಕೊಂಡಿರುತ್ತದೆ. ನೀನು ಹೆದರುವ ಖಾಲಿ ದಿನದಲ್ಲೇ ಆ ಕೆಲಸ ನಡೆಯುವುದು. ಮೊದಲ ಕೆಲವು ವಾರ ಭಾರ ಬೇಗ ಬೇಗ ಹೆಚ್ಚಿಸಲು ಸಾಧ್ಯವಾಗುವುದು ಸ್ನಾಯು ಬೆಳೆದದ್ದರಿಂದಲ್ಲ, ಬಹುಮಟ್ಟಿಗೆ ನರಗಳು ಆ ಕೆಲಸ ಕಲಿತದ್ದರಿಂದ. ಮೂಳೆಗೆ ಸ್ನಾಯುವನ್ನು ಬಿಗಿದಿಡುವ ರಜ್ಜುಗಳಂತೂ ಸ್ನಾಯುವಿಗಿಂತಲೂ ನಿಧಾನವಾಗಿ ಗಟ್ಟಿಯಾಗುತ್ತವೆ. ಹೀಗಾಗಿ ಎತ್ತಬಲ್ಲೆ ಎನಿಸಿದ್ದನ್ನೆಲ್ಲ ಎತ್ತಬೇಡ ಎಂದು ಹೇಳಬೇಕೆನಿಸುತ್ತದೆ. ಪ್ರತಿ ಸೆಟ್ಟಿನಲ್ಲೂ, ಅಂದರೆ ನಡುವೆ ನಿಲ್ಲಿಸದೆ ಎತ್ತುವ ಪ್ರತಿ ಸುತ್ತಿನಲ್ಲೂ, ಇನ್ನೆರಡು ಸಲ ಎತ್ತಬಹುದಾಗಿತ್ತು ಎನ್ನುವಾಗಲೇ ನಿಲ್ಲಿಸು. ಮೊದಲೆರಡು ವಾರ ಒಂದೊಂದು ವ್ಯಾಯಾಮಕ್ಕೆ ಒಂದೆರಡು ಸೆಟ್ ಸಾಕು. ನಾನು ಟ್ರೈನರ್ ಅಲ್ಲ, ಇದನ್ನು ನೀನು ಅವರನ್ನೂ ಕೇಳಿಕೋ.

ಆದರೆ ನನ್ನ ನಿದ್ರೆ ಕೆಡಿಸಿದ್ದು ಇದೂ ಅಲ್ಲ. ತಪ್ಪಿಸಬಾರದು ಎಂಬ ಹೆದರಿಕೆ ಹೊಕ್ಕವಳಿಗೆ ಮೈ ಹೇಳುವ ಮಾತು ಕೇಳಿಸುವುದಿಲ್ಲ, ಎಲ್ಲ ನೋವೂ ಸೋಮಾರಿತನದ ನೆಪದಂತೆ ಕಾಣುತ್ತದೆ. ಅಭ್ಯಾಸವಿಲ್ಲದ ಮೈಯನ್ನು ಒಮ್ಮೆಲೇ ವಿಪರೀತ ದಂಡಿಸಿದರೆ ಸ್ನಾಯುವಿನ ಎಳೆಗಳು ಒಡೆದು, ಒಳಗಿನ ಮಯೋಗ್ಲೋಬಿನ್ ಎಂಬ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನೇ ಕೆಡಿಸಬಹುದು. ರ್‍ಯಾಬ್ಡೊಮಯೊಲೈಸಿಸ್ ಎನ್ನುತ್ತಾರೆ. ಅಪರೂಪ ನಿಜ, ಆದರೆ ಹೊಸದಾಗಿ ಸೇರಿದ ಹುರುಪಿನವರಿಗೂ ಅದು ಬರುತ್ತದೆ. ತೊಡೆಯೋ ತೋಳೋ ಊದಿಕೊಂಡು ಬಿಗಿಯುವುದು, ನೋವಿನ ಜೊತೆಗೆ ಕೈಕಾಲಿನ ಶಕ್ತಿಯೇ ಉಡುಗುವುದು, ಮೂತ್ರ ಕೋಲಾದ ಹಾಗೆ ಕಂದು ಬಣ್ಣಕ್ಕೆ ತಿರುಗುವುದು ಇದರ ಲಕ್ಷಣಗಳು. ಎಲ್ಲವೂ ಒಟ್ಟಿಗೆ ಕಾಣಿಸಲೇಬೇಕೆಂದಿಲ್ಲ. ಇಂಥದ್ದು ಕಂಡರೆ ನೀರು ಕುಡಿದು ಮಲಗಿದರಾಗದು, ಆಗಿಂದಾಗಲೇ ಆಸ್ಪತ್ರೆಗೆ ಹೋಗಬೇಕು. ಐದನೆಯ ದಿನದ ಆ ನೋವು ಮುಂದಿನ ದಿನಗಳಲ್ಲಿ ಇಳಿಯಿತೇ, ಹೆಚ್ಚಿತೇ ಎಂಬುದನ್ನು ನೀನು ಬರೆದೇ ಇಲ್ಲ. ಮೂತ್ರದ ಬಣ್ಣ ಹೇಗಿದೆ?

ಊಟದ ಬಗ್ಗೆ ಹೆಚ್ಚು ಬರೆದರೆ ಮುದುಕಿಯ ರಾಗವೆನ್ನುತ್ತೀಯ. ಅಮೆರಿಕದ ಮಿನಿಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆ ಪಡೆದು, ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟರು. ಅವರಿಗೆ ಸದಾ ಚಳಿ, ಸಿಡುಕು, ಹಗಲೂ ರಾತ್ರಿ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಓದುತ್ತ ಕೂರತೊಡಗಿದರು. ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ಅವರು ನಿನಗಿಂತ ದೊಡ್ಡ ಮೈಯವರು, ಲೆಕ್ಕ ಹಾಗೆಯೇ ಹೊಂದದು, ಆದರೂ ನಿನ್ನ ಸಾವಿರದ ಪಕ್ಕದಲ್ಲಿಟ್ಟು ನೋಡು. ಅರೆಹೊಟ್ಟೆಯಲ್ಲಿರುವವಳಿಗೆ ನಾಳೆ ಹೋಗಲಾರೆ ಎನಿಸುವುದರಲ್ಲಿ ಆಶ್ಚರ್ಯವೇನು? ಆ ಹೆದರಿಕೆಯಲ್ಲಿ ಎಷ್ಟು ಪಾಲು ಬರಿಯ ಹಸಿವಿನದೋ! ಮೊದಲ ವಾರ ತೂಕ ಸರ್ರನೆ ಇಳಿಯುವುದೂ ಬಹುಪಾಲು ನೀರೇ. ಗ್ಲೈಕೊಜೆನ್ ಎಂದರೆ ಮೈ ಕೂಡಿಟ್ಟುಕೊಳ್ಳುವ ಸಕ್ಕರೆ; ಅದರ ಪ್ರತಿ ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ, ಅದು ಖರ್ಚಾದಾಗ ಇದೂ ಹೋಗುತ್ತದೆ. ಪ್ರೋಟೀನನ್ನು ಮಾತ್ರ ಕಡಿಮೆ ಮಾಡಬೇಡ: ಭಾರ ಎತ್ತುವವರಿಗೆ ದೇಹತೂಕದ ಕಿಲೋ ಒಂದಕ್ಕೆ 1.6 ಗ್ರಾಂವರೆಗೆ ಉಪಯೋಗವಾಗುತ್ತದೆ, ಅದಕ್ಕಿಂತ ಹೆಚ್ಚಿಗೆ ತಿಂದರೆ ದೊಡ್ಡ ಲಾಭವೇನೂ ಇಲ್ಲ. ಮುಟ್ಟು ತಪ್ಪಿದರೆ ಅದನ್ನು ಸಣ್ಣ ವಿಷಯವೆಂದು ಸುಮ್ಮನಿರಬೇಡ, ಮೈಗೆ ಊಟ ಸಾಲುತ್ತಿಲ್ಲವೆಂಬ ಗುರುತಿರಬಹುದು, ವೈದ್ಯರನ್ನು ಕಾಣು.

ಐವತ್ತಮೂರರಲ್ಲಿ ನಾನು ಮತ್ತೆ ಆರಂಭಿಸಿದ್ದು ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದರಿಂದ. ನಾಚಿಕೆಯಾಗುತ್ತಿತ್ತು. ಈಗ ಆರು ವರ್ಷಗಳಾದವು, ವಾರಕ್ಕೆ ಎರಡು ದಿನ ಹೋಗುತ್ತೇನೆ, ಗುರುತು ಹಾಕುವ ಹಾಳೆ ಇಟ್ಟುಕೊಂಡಿಲ್ಲ. ಹೋದ ತಿಂಗಳು ಹಲ್ಲಿನ ನೋವಿನಿಂದ ಹನ್ನೊಂದು ದಿನ ಹೋಗಲಿಲ್ಲ. ಹನ್ನೆರಡನೆಯ ದಿನ ಹೋದಾಗ ಉಸಿರು ಸ್ವಲ್ಪ ಬೇಗ ಹತ್ತಿತು, ಅಷ್ಟೇ. ಎತ್ತುತ್ತಿದ್ದ ಭಾರವನ್ನೇ ಎತ್ತಿದೆ. ಸ್ನಾಯುವಿನ ಶಕ್ತಿ ಎರಡು ಮೂರು ವಾರದ ಬಿಡುವಿನಲ್ಲಿ ಅಷ್ಟಾಗಿ ಕರಗುವುದಿಲ್ಲ ಎಂಬುದು ಎಲ್ಲೆಡೆ ಬರೆದಿರುವ ಸಂಗತಿಯೇ, ಆದರೂ ಆ ಬಾರ್ ಕೈಗೆ ಎದ್ದು ಬಂದಾಗ ನನಗೆ ಆ ಇಪ್ಪತ್ತನಾಲ್ಕು ವರ್ಷಗಳ ಬಗ್ಗೆ ಸಿಟ್ಟು ಬಂತು.

ಆದ್ದರಿಂದ ಒಂದು ವಿಚಿತ್ರವಾದ ಮಾತು ಹೇಳುತ್ತೇನೆ, ಇಷ್ಟವಾಗದಿದ್ದರೆ ಬಿಡು. ಈ ವಾರ ಒಂದು ದಿನವನ್ನು ಬೇಕೆಂದೇ ತಪ್ಪಿಸು. ಜ್ವರವಿಲ್ಲದೆ, ನೆಪವಿಲ್ಲದೆ, ಹೋಗಬಲ್ಲ ದಿನವನ್ನೇ ಆರಿಸಿಕೊಂಡು ಹೋಗದೆ ಇರು, ಹೊಟ್ಟೆ ತುಂಬ ಉಂಡು ಮಲಗು, ಮರುದಿನ ಹೋಗು. ಮರುದಿನ ಹೋಗಲು ಮನಸ್ಸೇ ಬಾರದಿದ್ದರೆ ನಿನ್ನನ್ನು ಬೈದುಕೊಳ್ಳಬೇಡ, ವೇಳಾಪಟ್ಟಿಯನ್ನು ಅರ್ಧಕ್ಕೆ ಇಳಿಸಿ ನೋಡು. ವಾರಕ್ಕೆ ಮೂರು ದಿನವಾದರೆ ಹೋಗುವೆಯಾ, ಎರಡಾದರೆ? ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ವಯಸ್ಕರಿಗೆ ಹೇಳಿದ್ದೂ ಸ್ನಾಯು ಬಲಪಡಿಸುವ ವ್ಯಾಯಾಮ ವಾರಕ್ಕೆ ಕನಿಷ್ಠ ಎರಡು ದಿನ ಎಂದಷ್ಟೇ, ಅದರ ಜೊತೆಗೆ ಚುರುಕಾದ ನಡಿಗೆಯಂಥದ್ದು ವಾರಕ್ಕೆ ಕನಿಷ್ಠ 150 ನಿಮಿಷ. ಆರು ದಿನವೆಂದು ಅವರೂ ಹೇಳಿಲ್ಲ.

ಆ ದಿನ ಹೇಗೆ ಕಳೆಯಿತೆಂದು ನಿಧಾನವಾಗಿ ಬರೆ, ನನಗೆ ಅವಸರವಿಲ್ಲ. ಮೂತ್ರದ ಬಣ್ಣದ ಬಗ್ಗೆ ಕೇಳಿದೆನಲ್ಲ, ಅದಕ್ಕೆ ಮಾತ್ರ ಪತ್ರದಲ್ಲಿ ಉತ್ತರ ಬರೆಯಬೇಡ. ಇದನ್ನು ಓದಿದ ಕೂಡಲೇ ಫೋನ್ ಮಾಡು, ರಾತ್ರಿಯಾಗಿದ್ದರೂ ಸರಿ.

ಇತಿ ನಿನ್ನ,
ದೊಡ್ಡಮ್ಮ